ಮೂರು ನಿಮಿಷ ಆಯ್ತು, ಸರ್

ಇಂಟರ್‌ವ್ಯೂಗೆ ಹೋಗಿ, ಇಂಟರ್‌ವ್ಯೂ ಮಾಡುವವರ ಬಾಯಿಯನ್ನೇ ಮುಚ್ಚಿಸಿ ಬಂದವರನ್ನು ನೋಡಿದ್ದೀರಾ? ನೋಡಿಲ್ಲವಾದರೆ ಜೇವರ್ಗಿ ಟೆಲಿಫೋನ್ ಎಕ್ಸ್‌ಚೇಂಜಿಗೆ ಬನ್ನಿ. ಹೆಡ್‌ಫೋನ್ ಹಾಕಿಕೊಂಡು ಸ್ವಿಚ್‌ಬೋರ್ಡಿನ ಮುಂದೆ ಕೂತಿರುತ್ತೇನೆ.

ನಾನು ಒಂಬತ್ತು ವರ್ಷದಿಂದ ಇಲ್ಲಿ ಆಪರೇಟರ್ ಎಂಬುದು ನಿಮಗೆ ಗೊತ್ತು. (ನಿಮ್ಮಲ್ಲಿ ಅರ್ಧ ಜನ ಟ್ರಂಕ್ ಕಾಲ್ ತಡವಾದದ್ದಕ್ಕೆ ನನ್ನನ್ನು ಬೈದವರೇ!) ಗೊತ್ತಿಲ್ಲದ್ದು ಇಷ್ಟು: ಒಂದು ವರ್ಷದಿಂದ ನಾನು ಸಾಫ್ಟ್‌ವೇರ್ ಕೆಲಸಕ್ಕೆ ತಯಾರಿ ನಡೆಸಿದ್ದೇನೆ. ಭಾನುವಾರ ಬಸ್ಸು ಹತ್ತಿ ಗುಲಬರ್ಗಾದ ಕಂಪ್ಯೂಟರ್ ಕ್ಲಾಸು. ಆರು ಜನಕ್ಕೆ ಒಂದೇ ಮಶಿನ್. ನನ್ನ ಪಾಲಿಗೆ ಅರ್ಧ ತಾಸು. ಉಳಿದ ದಿನ ಕಂಪ್ಯೂಟರ್ ಎಂದರೆ ಪೆನ್ಸಿಲ್ಲು ಮತ್ತು ಹಳೇ ಕಾಲ್ ಚೀಟಿಯ ಹಿಂಬದಿ.

ಯಾಕೆ ಬೇಕಿತ್ತು ಈ ಉಸಾಬರಿ? ಬರುವ ವರ್ಷ ನಮ್ಮ ಎಕ್ಸ್‌ಚೇಂಜ್ ಆಟೊಮ್ಯಾಟಿಕ್ ಆಗುತ್ತದೆ. ಬೋರ್ಡು ಗುಜರಿಗೆ. ನಮ್ಮನ್ನು ಯಾವುದೋ ಆಫೀಸಿನ ಮೂಲೆಯಲ್ಲಿ ಕೂರಿಸುತ್ತಾರಂತೆ. ಸಂಬಳ ಇರುತ್ತದೆ, ಕೆಲಸ ಇರುವುದಿಲ್ಲ. ಮೂವತ್ತೊಂದನೇ ವಯಸ್ಸಿಗೇ ನೊಣ ಹೊಡೆಯುತ್ತಾ ಕೂರಲೇ? ನನ್ನಿಂದಾಗದು. ನನ್ನ ಕೆಲಸ ಕಸಿಯುವ ಯಂತ್ರಕ್ಕೆ ಬುದ್ಧಿ ಹೇಳುವ ವಿದ್ಯೆಯನ್ನೇ ಕಲಿಯುತ್ತೇನೆ ಎಂದು ಹಟ ಹಿಡಿದೆ.

ಹಟಕ್ಕೆ ಜೊತೆಯಾದವಳು ಅಫಜಲಪುರ ಎಕ್ಸ್‌ಚೇಂಜಿನ ಆಪರೇಟರ್ ಶಬಾನಾ. ಮಧ್ಯಾಹ್ನ ಲೈನು ಖಾಲಿ ಇದ್ದಾಗ ‘ಟೆಸ್ಟಿಂಗ್’ ಎಂದು ಫೋನ್ ಮಾಡಿ, ನಾನು ಬರೆದುಕೊಟ್ಟ ಇಂಟರ್‌ವ್ಯೂ ಪ್ರಶ್ನೆಗಳನ್ನು ಒಂದೊಂದಾಗಿ ಓದುತ್ತಾಳೆ.

“ವಾಟ್ ಈಸ್ ಕ್ಯೂ? ಹೇಳ್ ಬೇ, ಲಗೂನ. ಮೂರ್ ನಿಮಿಷದಾಗ ಮುಗಿಸ್ಬೇಕು.”

“ನಾ ಹೇಳಿದ್ದು ಖರೇ ಅದನೋ ಇಲ್ಲೋ, ನಿನಗ ಹೆಂಗ್ ಗೊತ್ತಾಗ್ತದ?”

“ನೀ ತಡವರಿಸಿದ್ರ ತಪ್ಪು. ಅಷ್ಟ್ ಗೊತ್ತಾಗ್ತದ ನನಗ!”

ಎಕ್ಸ್‌ಚೇಂಜಿನಲ್ಲಿ ಗುಟ್ಟು ಉಳಿದೀತೇ? ಸೂಪರ್‌ವೈಸರ್ ಶರಣಪ್ಪನವರು ನನ್ನ ರಜೆ ಅರ್ಜಿಗೆ ಸಹಿ ಹಾಕುತ್ತಲೇ ಮುಖ ಸಣ್ಣ ಮಾಡಿದರು. (ಸಾಹೇಬರು ಈ ಅಂಕಣ ಓದುವುದಿಲ್ಲ, ಅದೇ ಧೈರ್ಯ.)

“ಪರ್ಮನೆಂಟ್ ನೌಕರಿ ಬಿಟ್ಟು ಹೊಂಟೀ ಏನವಾ? ಆಳಂದದಾಗ ನಿಮ್ಮವ್ವಗ ನಾ ಏನ್ ಹೇಳ್ಲಿ?”

“ಆಕೀನೇ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿ ಕಳಿಸ್ಯಾಳ್ರಿ ಸಾಹೇಬ್ರ,” ಅಂದೆ.

ಇಂಟರ್‌ವ್ಯೂಗೆ ಕರೆದದ್ದು ಹೈದರಾಬಾದಿನ ಕಂಪನಿ. ಮೇಜಿನ ಆಚೆ ಮೂವರು. ನಡುವಿನ ಹಿರಿಯರು ‘ನಿಮ್ಮ ಬಗ್ಗೆ ಹೇಳಿ’ ಎಂದವರು, ನಾನು ಬಾಯಿ ತೆರೆಯುವ ಮೊದಲೇ ತಮ್ಮ ಬಗ್ಗೆ ಶುರು ಮಾಡಿದರು. ತಮ್ಮ ಕಂಪನಿ, ತಮ್ಮ ಅಮೆರಿಕ ಪ್ರವಾಸ, ಅಲ್ಲಿನ ಚಳಿ. ನಾನು ತಲೆಯಾಡಿಸುತ್ತಾ ಕೂತೆ. ಆದರೆ ಟ್ರಂಕ್ ಕಾಲ್‌ಗಳನ್ನು ಮೂರು ಮೂರು ನಿಮಿಷಕ್ಕೆ ಅಳೆದ ಒಂಬತ್ತು ವರ್ಷದ ಅಭ್ಯಾಸ ನೋಡಿ, ಕಿವಿಯೊಳಗಿನ ಗಡಿಯಾರ ನಿಲ್ಲಲಿಲ್ಲ. ನನ್ನ ಬಾಯಿ ತಂತಾನೇ ನುಡಿಯಿತು.

“ಥ್ರೀ ಮಿನಿಟ್ಸ್ ಓವರ್, ಸರ್. ಶಲ್ ಐ ಎಕ್ಸ್‌ಟೆಂಡ್?”

ಅಯ್ಯೋ ಶಿವನೇ! ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಪಕ್ಕದ ಕನ್ನಡಕದವರು ಕಿಸಕ್ಕನೆ ನಕ್ಕರು. ಹಿರಿಯರು ನಗಲಿಲ್ಲ. ‘ಕ್ಯೂ ಎಂದರೇನು?’ ಎಂದು ಕೇಳಿದರು.

ಶಬಾನಾಗೆ ನೂರು ಸಲ ಒಪ್ಪಿಸಿದ ಉತ್ತರ ಆವಿಯಾಗಿತ್ತು. ಸರಿ, ದಿನಾ ಮಾಡುವುದನ್ನೇ ಹೇಳಿದೆ. ಮೊದಲು ಬುಕ್ ಮಾಡಿದವರಿಗೆ ಮೊದಲು ಲೈನು. ದುಪ್ಪಟ್ಟು ದುಡ್ಡಿನ ಅರ್ಜೆಂಟ್ ಕಾಲ್ ಬಂದರೆ ಆರ್ಡಿನರಿ ಹಿಂದೆ ಸರಿಯಬೇಕು.

‘ಅರ್ಜೆಂಟ್ ಬರುತ್ತಲೇ ಇದ್ದರೆ ಆರ್ಡಿನರಿಯವರ ಗತಿ?’ ಕನ್ನಡಕದವರು ಕೇಳಿದರು.

ನನಗೆ ಯಡ್ರಾಮಿಯ ಒಬ್ಬ ತಾಯಿ ನೆನಪಾದಳು. ಸೊಲ್ಲಾಪುರದ ಆಸ್ಪತ್ರೆಯಲ್ಲಿದ್ದ ಮಗಳ ದನಿ ಕೇಳಲು ಬೆಳಿಗ್ಗೆಯಿಂದ ನಮ್ಮ ಬೆಂಚಿನ ಮೇಲೆ ಕಾದಿದ್ದವಳು. “ಎರಡು ಅರ್ಜೆಂಟ್ ಆದ ಮೇಲೆ ಒಂದು ಆರ್ಡಿನರಿ ನುಗ್ಗಿಸುತ್ತೇನೆ ಸರ್. ರೂಲ್ ಬುಕ್ಕಿನಲ್ಲಿಲ್ಲ,” ಎಂದೆ.

ಅದನ್ನೇ ಪ್ರೋಗ್ರಾಮ್ ಬರೆಯಿರಿ ಎಂದರು. ಕಾಗದದ ಮೇಲೆ ಸರಸರ ಬರೆದೆ. ಹಿರಿಯರೂ ಬಗ್ಗಿ ನೋಡಿದರು. ಆಮೇಲೆ ಕಂಪ್ಯೂಟರಿನ ಮುಂದೆ ಕೂರಿಸಿ, ಟೈಪ್ ಮಾಡಿ ಓಡಿಸಿ ಎಂದರು. ಅಲ್ಲಿ ಸಿಕ್ಕಿಬಿದ್ದೆ. ವಾರಕ್ಕೆ ಅರ್ಧ ತಾಸು ಮುಟ್ಟಿದ ಬೆರಳುಗಳು ಒಂದೊಂದು ಅಕ್ಷರಕ್ಕೂ ತಡಕಾಡಿದವು. ಸ್ಕ್ರೀನ್ ತುಂಬ ತಪ್ಪುಗಳು. ಅರ್ಧ ಪ್ರೋಗ್ರಾಮಿಗೇ ಟೈಮ್ ಮುಗಿಯಿತು.

ಹೋದ ಸೋಮವಾರ ಪತ್ರ ಬಂತು. ‘ಯೋಚನೆ ಚೆನ್ನಾಗಿದೆ, ಅಭ್ಯಾಸ ಸಾಲದು. ಆರು ತಿಂಗಳ ನಂತರ ಮತ್ತೆ ಬನ್ನಿ.’ ಸುಳ್ಳೇಕೆ ಹೇಳಲಿ, ಬೋರ್ಡಿನ ಮುಂದೆಯೇ ಅತ್ತೆ. ಅಫಜಲಪುರದ ಲೈನಿನಲ್ಲಿ ಶಬಾನಾ ಕೇಳಿಸಿಕೊಂಡಳು. ಆಮೇಲೆ ಗದರಿದಳು.

“ಅಳಾಕತ್ತಿ ಮೂರ್ ನಿಮಿಷ ಆತು, ಸಾಕ್ ಬೇ! ಆ ಕೀಬೋರ್ಡ್ ಹೆಂಗಿರ್ತದ? ಒಂದ್ ರಟ್ಟಿನ ಮ್ಯಾಲ ಬರಕೋ. ನಾ ಅಕ್ಷರ ಹೇಳ್ತೇನಿ, ನೀ ಒತ್ತು.”

ಬರೆದುಕೊಂಡೆ. ಈಗ ಬೋರ್ಡಿನ ಪಕ್ಕದಲ್ಲೇ ರಟ್ಟಿನ ಕೀಬೋರ್ಡಿದೆ. ಒಂದು ಟ್ರಂಕ್ ಕಾಲ್ ಮುಗಿದು ಇನ್ನೊಂದು ಬರುವಷ್ಟರಲ್ಲಿ ಶಬಾನಾ ಹೇಳುತ್ತಾಳೆ, ನಾನು ನೋಡದೆ ಒತ್ತುತ್ತೇನೆ. ಬೆರಳಿಗೆ ದಾರಿ ಗೊತ್ತಾಗುತ್ತಿದೆ. ಗುಲಬರ್ಗಾದ ಕ್ಲಾಸಿನಲ್ಲಿ ಜಗಳವಾಡಿ ಇನ್ನೊಂದು ಅರ್ಧ ತಾಸು ಗಿಟ್ಟಿಸಿದ್ದೇನೆ.

ನಿನ್ನೆ ಶರಣಪ್ಪನವರು ಆ ರಟ್ಟನ್ನು ನೋಡಿ ನಿಟ್ಟುಸಿರುಬಿಟ್ಟರು. “ಇನ್ನೂ ಬಿಟ್ಟಿಲ್ಲೇನವಾ? ನೌಕರಿ ಬಿಟ್ಟು ಹೋಗಬ್ಯಾಡ, ನನ್ನ ಮಾತ್ ಕೇಳು.”

ಅವರ ಬೆನ್ನ ಹಿಂದೆಯೇ ಇಬ್ಬರು ಬಂದು ಟೇಪು ಹಿಡಿದು ನನ್ನ ಬೋರ್ಡನ್ನು ಅಳೆಯುತ್ತಿದ್ದರು, ಬಾಗಿಲಲ್ಲಿ ಹೊರಗೆ ಹೋಗುತ್ತದೋ ಇಲ್ಲವೋ ಎಂದು.

ಈಗ ನೀವೇ ಹೇಳಿ, ಬಿಟ್ಟು ಹೋಗುತ್ತಿರುವುದು ನಾನೋ, ನೌಕರಿಯೋ?