ಹೇಳಿದಲ್ಲಿ ನಿಲ್ಲುವ ಬಸ್ಸು

ಆಗುವುದಿಲ್ಲ ಎಂದು ಮೊದಲು ಹೇಳಿದವರು ನಮ್ಮ ದೊಡ್ಡಪ್ಪ. ರವಿವಾರ ಪೇಟೆಯಲ್ಲಿ ಅವರದು ಬೆಲ್ಲದ ಸಗಟು ಅಂಗಡಿ. ಗಾದಿಯ ಮೇಲೆ ಕುಳಿತು, ಬಂದ ಗಿರಾಕಿಗಳಿಗೆಲ್ಲ ಕೇಳಿಸುವಂತೆ ಹೇಳಿದರು:

"ನಮ್ಮ ತಮ್ಮನ ಮಗಳು ಬಸ್ಸಿನ ಆಟಾ ಆಡಿ ಡಿಗ್ರಿ ತಗೋತಾಳಂತ್ರಿ. ಓದಿದವರಿಗೇ ಸಿಕ್ಕಿಲ್ಲ, ಈಕಿ ಸ್ಟೇರಿಂಗ್ ತಿರುವಿ ತಗೋತಾಳಂತ."

ಗಿರಾಕಿ ನಕ್ಕ. ನಕ್ಕರೆ ಬೆಲ್ಲದ ದರ ಇಳಿದೀತೆಂಬ ಆಸೆ ಅವನಿಗೆ.

ಓದಿದವರು ಎಂದರೆ ದೊಡ್ಡಪ್ಪನ ಮಗ. ನಮ್ಮ ಮನೆತನದಲ್ಲಿ ಪದವಿಯ ಹತ್ತಿರ ಸುಳಿದವನು ಅವನೊಬ್ಬನೇ. ಇಂಜಿನಿಯರಿಂಗಿಗೆ ಬೇಕೇ ಬೇಕೆಂದು ದೊಡ್ಡ ಕಂಪ್ಯೂಟರ್ ತರಿಸಿಕೊಂಡ, ಎರಡನೇ ವರ್ಷ ಇಂಜಿನಿಯರಿಂಗ್ ಬಿಟ್ಟ. ಕಂಪ್ಯೂಟರ್ ಹಿಂದವಾಡಿಯ ಅವರ ಮನೆಯ ಮೂಲೆಯ ಕೋಣೆಯಲ್ಲಿ ಕಸೂತಿಯ ಹೊದಿಕೆ ಹೊದ್ದು ಕುಳಿತಿತ್ತು. ನಾನು ಅದೇ ಮನೆಯಲ್ಲಿದ್ದು ಬಿಬಿಎ ಓದುತ್ತಿದ್ದೆ. ಶನಿವಾರ ಶನಿವಾರ ಖಾನಾಪುರಕ್ಕೆ, ಅಪ್ಪ ಅವ್ವನ ಹತ್ತಿರ. ಅಪ್ಪ ಅಲ್ಲಿ ಹಂಚಿನ ಕಾರ್ಖಾನೆಯಲ್ಲಿ ಮಣ್ಣು ತುಳಿದು, ಹಂಚು ಹೊತ್ತು ನನ್ನನ್ನು ಓದಿಸಿದವನು. ಕಂಪ್ಯೂಟರಿನ ಆ ಹೊದಿಕೆ ತೆಗೆದವಳು ನಾನು. ಬಸ್ಸು ಓಡಿಸುವ ಆಟವೊಂದು ಅದರಲ್ಲಿತ್ತು. ಆಡುತ್ತ ಆಡುತ್ತ ಅದನ್ನೇ ಲೈವ್ ತೋರಿಸುವ ಒಂದು ಚಾನೆಲ್ ತೆರೆದೆ.

ಆಗುವುದಿಲ್ಲ ಎಂದ ಎರಡನೆಯವರು ಕಾಲೇಜಿನ ಸರ್. ಕೊನೆಯ ಸೆಮಿಸ್ಟರಿಗೆ ನಮಗೊಂದು ಪ್ರಾಜೆಕ್ಟ್ ಇತ್ತು. ಬೆಳವಣಿಗೆ ನಿಂತುಹೋದ ಒಂದು ಉದ್ಯಮವನ್ನು ಹಿಡಿದು, ನಾಲ್ಕು ತಿಂಗಳಲ್ಲಿ ಬೆಳೆಸಿ, ಪರೀಕ್ಷಕರ ಮುಂದೆ ತೋರಿಸಬೇಕು. ನನ್ನ ತರಗತಿಯವರು ಇದಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಝೆರಾಕ್ಸ್ ಅಂಗಡಿಯಲ್ಲಿ ಒಂದು ಉಪ್ಪಿನಕಾಯಿ ಕಾರ್ಖಾನೆಯ ಹಳೆಯ ವರದಿ ಸಿಗುತ್ತಿತ್ತು. ಮೇಲಿನ ಹಾಳೆಯಲ್ಲಿ ತಮ್ಮ ಹೆಸರು ಬದಲಿಸಿದರೆ ಮುಗಿಯಿತು. ಅಷ್ಟೊಂದು ಮಂದಿ ಸೇರಿ ಬೆಳೆಸಿದ ಆ ಕಾರ್ಖಾನೆ ಇಷ್ಟೊತ್ತಿಗೆ ಇಡೀ ಜಿಲ್ಲೆಯನ್ನು ನುಂಗಬೇಕಿತ್ತು. ನಾನು ನನ್ನ ಚಾನೆಲ್ ಬರೆದುಕೊಟ್ಟೆ. ನಿಂತುಹೋದ ಉದ್ಯಮ ಅದಕ್ಕಿಂತ ಬೇರೆ ಯಾವುದಿತ್ತು?

ಸರ್ ಓದಿ ಕನ್ನಡಕ ತೆಗೆದರು. "ನಿಂತೈತಿ ಅಂತ ಬರದಿ, ಅದೊಂದ ಖರೇ ಐತಿ ನೋಡು. ಇದನ್ನ ಯಾರಿಗೂ ಎಬ್ಬಸಾಕ ಆಗೂದಿಲ್ಲ. ಸುಮ್ನ ಉಪ್ಪಿನಕಾಯಿ ತಗೋ."

"ಬ್ಯಾಡ್ರಿ ಸರ್."

"ಹಂಗಾರ ಬರದ ಕೊಡು. ಬೆಳೀಲಿಲ್ಲ ಅಂದ್ರ ನಾ ಪಾಸ್ ಮಾಡೂದಿಲ್ಲ."

ಬರೆದು ಸಹಿ ಹಾಕಿಕೊಟ್ಟೆ. ಫೇಲಾದರೆ ಡಿಗ್ರಿ ನಿಲ್ಲುತ್ತದೆ. ಇನ್ನೊಂದು ವರ್ಷ ಓದಿಸುವ ತ್ರಾಣ ಅಪ್ಪನಲ್ಲಿರಲಿಲ್ಲ. ದೊಡ್ಡಪ್ಪ ಆಗಲೇ ತಮ್ಮ ಗಾದಿಯ ಬಾಜು ನನಗೊಂದು ಸ್ಟೂಲ್ ನೋಡಿಟ್ಟಿದ್ದರು. ಫೋನ್ ಎತ್ತುವ ಕೆಲಸ. "ಇಂಗ್ಲಿಷ್ ಬರತೈತಲ್ಲ, ಹಲೋ ಅನ್ನಾಕ ಸಾಕಾತು," ಎಂದಿದ್ದರು.

ಚಾನೆಲ್ಲಿನ ಸ್ಥಿತಿಯನ್ನೂ ಮುಚ್ಚಿಡದೆ ಹೇಳುತ್ತೇನೆ. ಎರಡು ನೂರರ ಸುಮಾರು ಸಬ್‌ಸ್ಕ್ರೈಬರ್‌ಗಳು ಬಂದು ಅಲ್ಲಿಗೇ ನಿಂತಿದ್ದರು. ದೊಡ್ಡ ಊರಿನವರನ್ನು ನೋಡಿ ಕಲಿತ ಹಿಂದಿಯಲ್ಲಿ ನಾನು "ಹಲೋ ಗಾಯ್ಸ್" ಎಂದು ಶುರುಮಾಡುತ್ತಿದ್ದೆ. ಗಾಯ್ಸ್ ಎಂದರೆ ಒಟ್ಟು ಮೂರು ಮಂದಿ. ಲೋಂಡಾ ಸ್ಟೇಷನ್ನಿನಲ್ಲಿ ತಡವಾದ ರೈಲಿಗೆ ಕಾಯುವವನೊಬ್ಬ, ದಾರಿ ತಪ್ಪಿ ಬಂದವನೊಬ್ಬ, ಮೂರನೆಯವಳು ನಾನೇ. ಧ್ವನಿ ಬರುತ್ತದೆಯೋ ಇಲ್ಲವೋ ಎಂದು ನನ್ನದೇ ಮೊಬೈಲಿನಲ್ಲಿ ನೋಡುತ್ತಿದ್ದೆ.

ಮೊದಲ ತಿಂಗಳಲ್ಲೇ ನಾನೊಂದು ತಪ್ಪು ಮಾಡಿದೆ. ನಮ್ಮ ಮಂದಿ ಮಾತ್ರ ಮಾಡಬಹುದಾದ ತಪ್ಪು.

ಖಾನಾಪುರದಲ್ಲಿ ಸಂಬಂಧಿಕರ ಮನೆಯಲ್ಲಿ ಬಸುರಿಗೆ ಕುಬಸದ ಕಾರ್ಯವಿತ್ತು. ಊಟವಾಗಿ ಹೆಂಗಸರು ಎಲೆ ಅಡಿಕೆ ಮುಂದಿಟ್ಟುಕೊಂಡಿದ್ದರು. ನಮ್ಮ ಚಿಗವ್ವನದೂ ಒಂದು ಚಾನೆಲ್ ಇದೆ, ರಂಗೋಲಿಯದು. ಅವಳು ನನ್ನ ಮುಖ ನೋಡಿ ಕೇಳಿದಳು:

"ಎಷ್ಟ ಮಂದಿ ಅದಾರ ನಿನ್ನ ಚಾನೆಲ್‌ಗೆ?"

"ಎರಡನೂರ ಸನೇ."

"ಅಯ್ಯ ಶಿವನ! ಇಷ್ಟ ಓದಿ ಎರಡನೂರ? ನಾ ಸಾಲಿ ಬಿಟ್ಟಾಕಿ, ನನಗ ನಾಕನೂರ ಅದಾರ. ಏ, ಎಲ್ಲಾರೂ ಫೋನ್ ಈ ಪರಾತಕ್ಕ ಹಾಕ್ರಿ!"

ಹೋಳಿಗೆಯ ಪರಾತ ತುಂಬ ಫೋನುಗಳು ಬಂದವು. ಕೆಲವಕ್ಕೆ ತುಪ್ಪ ಮೆತ್ತಿತ್ತು. ಒಂದೊಂದನ್ನೇ ಎತ್ತಿ ಸಬ್‌ಸ್ಕ್ರೈಬ್ ಒತ್ತುತ್ತ ಹೋದೆ. ಒಬ್ಬ ಆಯಿ ತನ್ನ ಹಳೆಯ ಬಟನ್ ಫೋನನ್ನೂ ಹಾಕಿದ್ದಳು. "ಇದರಾಗ ಬರೂದಿಲ್ಲಬೇ," ಎಂದರೆ, "ಎಲ್ಲಾರದೂ ಒತ್ತಿ ನಂದೊಂದ ಯಾಕ ಬಿಡತಿ? ಒತ್ತು," ಎಂದಳು. ಅದರಲ್ಲಿ ಐದನ್ನು ಒತ್ತಿ ಕೊಟ್ಟೆ.

ಆದರೆ ಇದು ಮುಯ್ಯಿ. ನಮ್ಮಲ್ಲಿ ಕಾರ್ಯಕ್ಕೆ ಹೋದವರು ಕುಪ್ಪಸದ ಖಣ ಕೊಡುತ್ತಾರೆ, ಅವರ ಮನೆಯ ಕಾರ್ಯಕ್ಕೆ ನಾವು ಖಣ ಕೊಡುತ್ತೇವೆ. ಆ ಖಣವನ್ನು ಯಾರೂ ಹೊಲಿಸಿಕೊಳ್ಳುವುದಿಲ್ಲ. ಮಡಿಕೆ ಬಿಚ್ಚದೆ ಏಳು ಮನೆ ತಿರುಗಿ, ಒಮ್ಮೊಮ್ಮೆ ಕೊಟ್ಟವರ ಕೈಗೇ ಹೊಳ್ಳಿ ಬರುತ್ತದೆ. ಸಬ್‌ಸ್ಕ್ರೈಬ್ ಕೂಡ ಹಾಗೆಯೇ ಆಯಿತು. ನಾನು ಚಿಗವ್ವನ ರಂಗೋಲಿಗೆ, ಒಬ್ಬ ಮಾವನ ಆಡಿನ ಸಂತೆಯ ವಿಡಿಯೋಗಳಿಗೆ, ದೊಡ್ಡಪ್ಪ ದಿನಾ ಮುಂಜಾನೆ ಹಾಕುವ ಗುಲಾಬಿ ಹೂವಿನ ಶುಭೋದಯಕ್ಕೆ ಒತ್ತಿ ಬಂದೆ. ಯಾರೂ ಯಾರದನ್ನೂ ನೋಡಲಿಲ್ಲ. ಅಂಕಿ ಮಾತ್ರ ಸರಸರ ಏರಿತು. ನಾನು ಉಬ್ಬಿಹೋದೆ.

ಎರಡು ವಾರದಲ್ಲಿ ಲೈವ್‌ಗೆ ಬರುತ್ತಿದ್ದ ಮೂವರಲ್ಲಿ ದಾರಿ ತಪ್ಪಿದವನೂ ಬರುವುದನ್ನು ಬಿಟ್ಟ. ಯಾಕೆಂದು ಚಾನೆಲ್ಲಿನ ಅಂಕಿಅಂಶದ ಪುಟ ತೆಗೆದು ಕುಳಿತಾಗ ತಿಳಿಯಿತು. ಹೊಸ ವಿಡಿಯೋ ಬಂದರೆ, ಯಾರಿಗೆ ಏನು ತೋರಿಸಬೇಕೆಂದು ನಿರ್ಧರಿಸುವ ಯಂತ್ರ ಅದನ್ನು ಮೊದಲು ಸಬ್‌ಸ್ಕ್ರೈಬ್ ಆದವರಿಗೇ ತೋರಿಸಿ ನೋಡುತ್ತದೆ. ಅವರೇ ತೆರೆಯದಿದ್ದರೆ, ಇದು ಯಾರಿಗೂ ಬೇಡವಾದ ಸರಕು ಎಂದುಕೊಂಡು ಮೂಲೆಗೆ ಸರಿಸುತ್ತದೆ. ನನ್ನ ವೀಕ್ಷಕರು ಇನ್ನೇನು ನೋಡುತ್ತಾರೆ ಎಂಬ ಕಡೆ ಯಂತ್ರ ಹೀಗೆ ತೋರಿಸುತ್ತಿತ್ತು: ಚುಕ್ಕಿ ರಂಗೋಲಿ, ಆಡಿನ ಸಂತೆ, ಮೊಣಕಾಲು ನೋವಿನ ಎಣ್ಣೆ.

ಸರ್‌ಗೆ ತೋರಿಸಿದೆ. ಬೈಯಲಿಲ್ಲ, ಅದೇ ಹೆಚ್ಚು ಚುಚ್ಚಿತು. "ಅಂಕಿ ದಪ್ಪ ಆಗೈತಿ, ನೋಡಾವ್ರು ಇಲ್ಲ. ಇದಕ್ಕ ಬೆಳವಣಿಗಿ ಅನ್ನೂದಿಲ್ಲ ಯವ್ವಾ, ಬಾವು ಅಂತಾರ."

ಬಾವು ಇಳಿಸಬೇಕಾಗಿತ್ತು. ಹೊಸ ಚಾನೆಲ್ ತೆರೆಯುವಂತಿಲ್ಲ, ನಿಂತದ್ದನ್ನೇ ಬೆಳೆಸುತ್ತೇನೆಂದು ಬರೆದುಕೊಟ್ಟಿದ್ದೆ. ಹೀಗಾಗಿ ಒಂದು ಶನಿವಾರ ಖಾನಾಪುರದಲ್ಲಿ ಮನೆ ಮನೆಗೆ ಹೋಗಿ, ನನ್ನನ್ನು ಬಿಟ್ಟುಬಿಡಿ ಎಂದು ಕೇಳಲು ಹೊರಟೆ. ಮೊದಲು ಬಾವಿಯ ಬಾಜೂಕ್ಕಿರುವ ಚಿಗವ್ವನ ಮನೆ.

"ಚಿಗವ್ವಾ, ನನ್ನ ಚಾನೆಲ್ ಬಿಟ್ಟ ಬಿಡು."

"ಯಾಕ? ನಾ ಏನ್ ಮಾಡೀನಿ?"

"ಏನೂ ಮಾಡಿಲ್ಲ, ಅದ ತ್ರಾಸು. ಒಂದ ದಿನಾನೂ ನೋಡಿಲ್ಲ ನೀ."

"ನೋಡಾಕ ಏನೈತಿ ಅದರಾಗ? ಬಸ್ ಹೋಗತೈತಿ. ನಮ್ಮ ಕಟ್ಟಿ ಮ್ಯಾಲ ಕುಂತ್ರೂ ಹೋಗತೈತಿ."

"ಅದಕ್ಕ, ಬಿಡು."

ಚಿಗವ್ವ ಕೈಯಲ್ಲಿದ್ದ ಮೊರ ಕೆಳಗಿಟ್ಟಳು. "ಮುಯ್ಯಿ ಹೊಳ್ಳಿ ಕೊಡಾಕ ಮನಿತನಕ ಬಂದಿಯೇನ? ಕಾಲೇಜಿನ್ಯಾಗ ಇದನ್ನ ಕಲಸ್ತಾರ? ಹಂಗಾದ್ರ ನೀನೂ ನನ್ನ ರಂಗೋಲಿ ಬಿಡು!"

"ಬಿಡತೀನಿ."

ಬಿಡುತ್ತೇನೆ ಎನ್ನುತ್ತೇನೆಂದು ಅವಳು ಎಣಿಸಿರಲಿಲ್ಲ. ಇಬ್ಬರೂ ಎದುರು ಬದುರು ಕುಳಿತು, ಆಸ್ತಿ ಪಾಲು ಮಾಡಿಕೊಂಡವರಂತೆ ಒಬ್ಬರನ್ನೊಬ್ಬರು ತೆಗೆದುಹಾಕಿದೆವು. ಚಹಾ ಕೊಟ್ಟಳು, ಸಕ್ಕರೆ ಹಾಕಿರಲಿಲ್ಲ. ಉಳಿದ ಮನೆಗಳಲ್ಲೂ ಹೆಚ್ಚು ಕಡಿಮೆ ಇದೇ ಚಹಾ. ನಾನು ಹಿಂದವಾಡಿ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. "ಗಿರಾಕಿ ಬ್ಯಾಡ ಅನ್ನೂ ಅಂಗಡಿ ಇದೊಂದ ನೋಡಿದೆ," ಎಂದರು ದೊಡ್ಡಪ್ಪ, ಮತ್ತು ಆ ಸ್ಟೂಲಿನ ಒಂದು ಕಾಲು ಅಲ್ಲಾಡುತ್ತದೆ, ಬಡಗಿಗೆ ತೋರಿಸುತ್ತೇನೆ ಎಂದೂ ಸೇರಿಸಿದರು.

ಉಳಿದದ್ದು ಎರಡು ತಿಂಗಳು, ಮತ್ತೆ ಅದೇ ಎರಡು ನೂರರಷ್ಟು ಸಬ್‌ಸ್ಕ್ರೈಬರ್‌ಗಳು.  ಅಪ್ಪ ಫೋನ್ ಮಾಡಿ "ಪ್ರಾಜೆಕ್ಟ್ ಹೆಂಗ ನಡದೈತಿ ಮಗಳ?" ಎಂದರೆ "ಚೊಲೋ ಐತಿ" ಎನ್ನುತ್ತಿದ್ದೆ.

ಮುಂದಿನ ಶನಿವಾರ ಖಾನಾಪುರದ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನ ಮುದುಕಿಯೊಬ್ಬಳು ಎದ್ದು ನಿಂತು ಕಂಡಕ್ಟರನಿಗೆ ಗಂಟುಬಿದ್ದಳು.

"ಇಲ್ಲೇ ಒಂದೀಟ ನಿಲ್ಲಸಪಾ, ನಮ್ಮ ಹೊಲಾ ಇಲ್ಲೇ ಐತಿ."

"ಇಲ್ಲಿ ಸ್ಟಾಪ್ ಇಲ್ಲ ಯವ್ವಾ."

"ಮೊನ್ನಿ ನಿಲ್ಲಸಿದ್ದೆಲ್ಲೊ!"

"ಮೊನ್ನಿ ಟೈರ್ ಪಂಚರ್ ಆಗಿತ್ತು."

ಬಸ್ಸೆಲ್ಲ ನಕ್ಕಿತು. ಮುದುಕಿ ನಗಲಿಲ್ಲ, ಹೊಲ ಹಿಂದೆ ಹೋಗುವುದನ್ನು ಕಿಟಕಿಯಲ್ಲಿ ನೋಡುತ್ತ ನಿಂತಳು. ನಾನು ಆ ಮುಖವನ್ನೇ ನೋಡುತ್ತಿದ್ದೆ. ಇಡೀ ದಾರಿಯಲ್ಲಿ ಎಲ್ಲರಿಗೂ ಬೇಕಾಗಿದ್ದದ್ದು ಅದೊಂದೇ: ತಾನು ಹೇಳಿದಲ್ಲಿ ಬಸ್ಸು ನಿಲ್ಲಬೇಕು.

ಸೋಮವಾರ ಸಂಜೆ ಐದೂವರೆಗೆ, ಊರಿಗೆ ಊರೇ ಮನೆಗೆ ಹೊರಡುವ ಹೊತ್ತಿಗೆ, ಲೈವ್ ಹಾಕಿದೆ. ಗಾಯ್ಸ್ ಎನ್ನಲಿಲ್ಲ. "ಖಾನಾಪುರ, ಖಾನಾಪುರ, ಲೋಂಡಾ! ಬರ್ರಿ, ಕುಂದರ್ರಿ. ಎಲ್ಲಿ ಇಳಿಯಾವ್ರು ಬರದ ಹಾಕ್ರಿ, ಅಲ್ಲೇ ನಿಲ್ಲಸ್ತೀನಿ," ಎಂದೆ.

ಲೋಂಡಾದವನು "ಲೋಂಡಾ ಒಂದು" ಎಂದು ಬರೆದ. ಆಟದಲ್ಲಿದ್ದದ್ದು ಯಾವುದೋ ಪರದೇಶದ ಹಿಮದ ರಸ್ತೆ. ಒಂದು ತಿರುವಿಗೆ ಲೋಂಡಾ ಎಂದು ಹೆಸರಿಟ್ಟು, ಬಸ್ಸು ಬಾಜೂಕ್ಕೆ ಹಾಕಿ, ಬಾಗಿಲು ತೆಗೆದು, "ಲೋಂಡಾ ಇಳೀರಿ," ಎಂದೆ. "ಲೋಂಡಾದಾಗ ಬರ್ಫ ಯಾವಾಗ ಬಿತ್ತ ಅಕ್ಕಾ?" ಎಂದು ಬರೆದ. ಮರುದಿನ ನಾಲ್ಕು ಜನರನ್ನು ಕರೆತಂದ. ವಾರ ಕಳೆಯುವುದರೊಳಗೆ ಕಮೆಂಟುಗಳು ನಿಜವಾದ ಬಸ್ಸಿನ ಗದ್ದಲದಂತಾದವು. "ತಾಈ, ಪುಢಚ್ಯಾ ಸ್ಟಾಪಲಾ ಥಾಂಬವಾ," ಎಂದು ಒಬ್ಬರು ಮರಾಠಿಯಲ್ಲಿ ಮುಂದಿನ ಸ್ಟಾಪ್ ಕೇಳಿದರೆ, "ಆಪಾ, ಚಿಲ್ಲರ್ ನಕ್ಕೋ ಪೂಛೋ," ಎಂದು ಇನ್ನೊಬ್ಬ ಚಿಲ್ಲರೆ ಕೇಳಬೇಡ ಎನ್ನುತ್ತಿದ್ದ. ಕಿಟಕಿಯ ಸೀಟಿಗಾಗಿ ಜಗಳವಾಯಿತು. ಇಲ್ಲದ ಸೀಟು, ಇಲ್ಲದ ಕಿಟಕಿ. ಒಬ್ಬಾಕೆಯನ್ನು ಅವಳ ಸ್ಟಾಪಿನಲ್ಲಿ ಇಳಿಸಲು ಮರೆತೆ. ಮೂರು ದಿನ ಬಂದು ಬೈದಳು. ಅವಳನ್ನು ಇಳಿಸಲೆಂದೇ ಹಿಮದಲ್ಲಿ ಬಸ್ಸನ್ನು ರಿವರ್ಸ್ ತೆಗೆದುಕೊಂಡು ಹೋದೆ.

ಇದರಲ್ಲಿ ಜಾಣತನ ಇದ್ದದ್ದು ಇಷ್ಟೇ. ತನ್ನ ಸ್ಟಾಪ್ ಬರುವವರೆಗೆ ಯಾರೂ ಇಳಿಯುವುದಿಲ್ಲ. ಅರ್ಧ ನಿಮಿಷಕ್ಕೆ ಎದ್ದುಹೋಗುತ್ತಿದ್ದ ಜನ ಅರ್ಧ ತಾಸು ಕುಳಿತರು, ಯಂತ್ರ ಅದನ್ನು ನೋಡಿ ನನ್ನ ಬಸ್ಸನ್ನು ಅಪರಿಚಿತರ ಮುಂದೆಯೂ ತಂದು ನಿಲ್ಲಿಸಿತು. ಅವರಲ್ಲಿ ಎಷ್ಟೋ ಮಂದಿ ನಿಜವಾದ ಬಸ್ಸಿನಲ್ಲಿ, ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದು, ಮೊಬೈಲಿನಲ್ಲಿ ನನ್ನ ಬಸ್ಸು ಓಡುವುದನ್ನು ನೋಡುತ್ತಿದ್ದರು. ಒಂದು ಸಂಜೆ ಹೆಸರಿನ ಬದಲು ರಂಗೋಲಿಯ ಚಿತ್ರವಿದ್ದವರೊಬ್ಬರು, "ಬಾವಿ ಕಡೆ ನಿಲ್ಲಸು, ಕೈಯಾಗಿನ ಪಿಶವಿ ಭಾಳ ವಜ್ಜಾ ಐತಿ," ಎಂದು ಚೀಲದ ಭಾರವನ್ನೂ ಸೇರಿಸಿ ಬರೆದರು. ನಿಲ್ಲಿಸಿದೆ. ನಾನೂ ಕೇಳಲಿಲ್ಲ, ಚಿಗವ್ವನೂ ಇವತ್ತಿನವರೆಗೆ ಒಪ್ಪಿಕೊಂಡಿಲ್ಲ.

ವೈವಾದ ದಿನ ಹೊರಗಿನಿಂದ ಬಂದ ಪರೀಕ್ಷಕರು ಮುಂಜಾನೆಯಿಂದ ಉಪ್ಪಿನಕಾಯಿ ಕೇಳಿ ಕೇಳಿ ದಣಿದಿದ್ದರು. ನನ್ನ ವರದಿ ತೆರೆದು, ಏರಿ, ಬಿದ್ದು, ಮತ್ತೆ ಏರಿದ ಗೆರೆಯ ಮೇಲೆ ಬೆರಳಿಟ್ಟರು.

"ಇಲ್ಲಿ ಯಾಕ ಬಿದ್ದೈತಿ?"

"ಬಳಗದವರನ್ನ ಇಳಿಸಿದ್ನಿರಿ."

"ಯಾರ ಕಲಸಿದ್ರು?"

"ಯಾರೂ ಇಲ್ರಿ. ಕೆಟ್ಟು ಕಲ್ತೆ."

ಅವರು ಜೋರಾಗಿ ನಕ್ಕು, ಅಂಕ ಬರೆದು, ಹಾಳೆಯನ್ನು ನಮ್ಮ ಸರ್ ಕಡೆ ಸರಿಸಿದರು. ಸರ್ ಸಹಿ ಹಾಕುತ್ತ, "ನಾ ಮೊದಲ ಹೇಳಿದ್ನೆಲ್ಲ, ಈಕಿ ಮಾಡ್ತಾಳಂತ," ಎಂದರು. ನಾನು ಬರೆದುಕೊಟ್ಟ ಕಾಗದ ಅವರ ಫೈಲಿನಲ್ಲೇ ಇತ್ತು. ಅದನ್ನು ತೆಗೆಯಿರಿ ಎನ್ನೋಣವೆಂದರೆ ಸಹಿಯ ಶಾಯಿ ಇನ್ನೂ ಆರಿರಲಿಲ್ಲ.

ಚಾನೆಲ್ ಇವತ್ತಿಗೂ ಬಹಳ ದೊಡ್ಡದೇನಲ್ಲ. ಡಿಗ್ರಿ ಮಾತ್ರ ಪೂರ್ತಿ ನನ್ನದು. ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಸರ್ಟಿಫಿಕೇಟ್ ಬಂದಿದೆ ಎಂದು ಕಾಲೇಜಿನಿಂದ ಫೋನ್ ಬಂದಾಗ ಅಪ್ಪ ಅರ್ಧ ದಿನ ರಜೆ ಹಾಕಿ ಖಾನಾಪುರದಿಂದ ಬಂದ. ಕರೆಯದೆ ದೊಡ್ಡಪ್ಪನೂ ಬಂದರು. ಆಫೀಸಿನ ಕಿಟಕಿಯಲ್ಲಿ ರಜಿಸ್ಟರಿಗೆ ಸಹಿ ಮಾಡಿಸಿಕೊಂಡು ಗುಮಾಸ್ತರು ಸರ್ಟಿಫಿಕೇಟನ್ನು ಹೊರಗೆ ಚಾಚಿದರು. ನಾನು ತೆಗೆದುಕೊಂಡು ಅಪ್ಪನ ಕೈಗೆ ಕೊಟ್ಟೆ. ಉಗುರಿನ ಸಂದಿಯ ಮಣ್ಣು ತಾಗೀತೆಂದು ಅಪ್ಪ ಅಂಗೈಗಳ ಅಂಚಿನಲ್ಲಿ ಹಿಡಿದುಕೊಂಡ, ಬಹಳ ಹೊತ್ತು ನೋಡಿದ. ಆಮೇಲೆ ತನ್ನ ಅಣ್ಣನ ಕಡೆ ಚಾಚಿದ. ದೊಡ್ಡಪ್ಪ ಕನ್ನಡಕ ಏರಿಸಿ ಮೇಲಿನಿಂದ ಕೆಳಗಿನವರೆಗೆ ನೋಡಿದರು, ಬೆಳಕಿಗೆ ಹಿಡಿದರು, ಮುದ್ರೆಯ ಮೇಲೆ ಹೆಬ್ಬೆರಳು ಆಡಿಸಿದರು, ಕೊನೆಗೆ ಹಾಳೆಯನ್ನು ತಿರುವಿ ಹಿಂದೆ ನೋಡಿದರು.

"ಮೂರ ವರ್ಷ ಓದಿದಿ, ಒಂದ ಬಾಜು ಅಷ್ಟ ಬರದಾರಲ್ಲ?"