ಹನ್ನೆರಡು ಹಲ್ಲಿನ ಪಟ್ಟಿ

ಬೀಡಿ ಬಿಟ್ಟು ನಾಲ್ಕು ತಿಂಗಳಾಗಿತ್ತು. ಎಂಟು ದಿನ ತಡಕೋ, ಆಮ್ಯಾಲ ಏನೂ ಆಗೂದಿಲ್ಲ ಅಂತ ಎಲ್ಲಾರೂ ಹೇಳಿದ್ರು. ಎಂಟು ದಿನದಾಗ ಕೈ ನಡುಗೂದು ನಿಂತಿತು, ಖರೇ. ಆದ್ರ ತಲಿ ಮಾತ್ರ ಹಳೀ ಜಾಗಕ್ಕ ಬರಲೇ ಇಲ್ಲ. ಅದನ್ನ ನನಗ ಯಾರೂ ಹೇಳಿರಲಿಲ್ಲ.

ಎಂಬತ್ತರ ದಶಕ ಮುಗೀಲಿಕ್ಕೆ ಬಂದಿತ್ತು. ನಾನು ಬ್ಯಾಡಗಿಯೊಳಗ ಒಬ್ಬ ಡಾಕ್ಟರ ಕಡೆ ಕಂಪೌಂಡರ್ ಇದ್ದೆ. ಈಗಿನಂಗ ಎಲ್ಲಾದಕ್ಕೂ ಕಂಪನಿ ಬಾಟ್ಲಿ ಇರಲಿಲ್ಲ. ಮಂದಿ ಮನಿಯಿಂದನ ಖಾಲಿ ಬಾಟ್ಲಿ ತರತಿದ್ರು, ಡಾಕ್ಟರ್ ಚೀಟಿ ಬರೀತಿದ್ರು, ನಾನು ಔಷಧ ಕಲಸಿ ತುಂಬತಿದ್ದೆ. ತುಂಬಿದ ಮ್ಯಾಲ ಒಂದು ಕಾಗದದ ಪಟ್ಟಿ ಮಡಚಿ, ಕತ್ತರಿಯಿಂದ ಹಲ್ಲು ಹಲ್ಲಾಗಿ ಕತ್ತರಿಸಿ ಬಾಟ್ಲಿಗೆ ಅಂಟಸ್ತಿದ್ದೆ. ಒಂದು ಹೊತ್ತಿಗೆ ಒಂದು ಹಲ್ಲಿನಷ್ಟು ಕುಡೀಬೇಕು. ದೊಡ್ಡವರ ಬಾಟ್ಲಿಗೆ ನಾಲ್ಕು ಹಲ್ಲು, ಕೂಸುಗಳ ಬಾಟ್ಲಿಗೆ ಹನ್ನೆರಡು. ಓದು ಬಾರದವರೂ ತಪ್ಪತಿರಲಿಲ್ಲ. ತಪ್ಪಿದ್ರ ನಾನ ತಪ್ಪಬೇಕು.

ಮೊದಲಾದ್ರ ಹತ್ತು ಬಾಟ್ಲಿಗೊಮ್ಮೆ ಹಿತ್ತಲ ಮೆಟ್ಟಿಲ ಮ್ಯಾಲ ಕುಂತು ಒಂದು ಬೀಡಿ ಎಳದು ಬರತಿದ್ದೆ. ಕಣ್ಣು ತಿಳಿಯಾಗತಿತ್ತು. ಎದಿ ನೋವಿಗೆ ಹೆದರಿ ಅದನ್ನ ಬಿಟ್ಟೆ. ಬಿಟ್ಟ ಮ್ಯಾಲ ಚೀಟಿ ಮೂರು ಸಲ ಓದಿದ್ರೂ ನಾಕನೇ ಸಲ ನೋಡಬೇಕಾಗತಿತ್ತು. ಬಾಟ್ಲಿ ಕೈಯಾಗ ಹಿಡಕೊಂಡು, ಇದನ್ನ ತೊಳದೇನೋ ಇಲ್ಲೋ ಅಂತ ನಿಂತಬಿಡತಿದ್ದೆ. ಸಿಟ್ಟಂತೂ ಮೂಗಿನ ತುದಿಮ್ಯಾಲ. ರೊಟ್ಟಿ ಆರಿದಾವ ಅಂತ ಒಂದಿನ ಗಂಗಾಳನ ದೂಡಿದೆ. ನಮ್ಮಾಕಿ ನೆಲದ ಮ್ಯಾಲಿನ ಪಲ್ಯ ಬಳಕೋತ, "ನಿಮ್ಮ ಬೀಡಿ ನಾತನ ಛಲೋ ಇತ್ರಿ. ಮತ್ತ ಸೇದ್ರಿ, ನಾನ ತಂದುಕೊಡತೇನಿ" ಅಂದ್ಲು. ಚ್ಯಾಷ್ಟಿ ಮಾಡತಾಳ ಅಂದ್ಕೊಂಡೆ. ಆಕಿ ನಗಲಿಲ್ಲ.

ಏನೋ ಕೆಟ್ಟದ್ದು ಆಗೂದೈತಿ ಅಂತ ದಿನಾ ಮುಂಜಾನೆ ಏಳೂದ್ರಾಗನ ಅನಸ್ತಿತ್ತು. ತಲಿ ನಿಲ್ಲವಲ್ದು ಅಂತ ಡಾಕ್ಟರಿಗೆ ಹೇಳಬೇಕಿತ್ತು. ಹೇಳಿದ್ರ ಕೆಲಸ ಹೋದೀತು ಅಂತ ಬಾಯಿ ಮುಚಗೊಂಡು ಕುಂತೆ. ಎಂಥಾ ಶಾಣ್ಯಾತನ ನೋಡ್ರಿ.

ಆವಾಗ ಮೆಣಸಿನಕಾಯಿ ಸುಗ್ಗಿ. ಊರ ತುಂಬ ಘಾಟು, ಕೆಮ್ಮಲಾರದ ಮನಿಷ್ಯಾ ಸಿಗತಿರಲಿಲ್ಲ. ಅವತ್ತು ಕಾಗಿನೆಲೆಯಿಂದ ಒಬ್ಬಾಕಿ ವರ್ಷದ ಕೂಸಿನ್ನ ಬಗಲಾಗ ಎತಗೊಂಡು ಬಂದಿದ್ಲು. ಕೂಸಿಗೆ ಕೆಮ್ಮು. ಆಕಿಗಿಂತ ಮೊದಲ ಬಂದ ಒಬ್ಬ ಮುದುಕಗೂ ಕೆಮ್ಮು. ಅಂವ ಬಾಟ್ಲಿ ಇಟ್ಟು, ಸಂಜಿಮುಂದ ಒಯ್ಯತೇನಂತ ಪ್ಯಾಟಿಗೆ ಹೋಗಿದ್ದ. ಇಬ್ಬರಿಗೂ ಅದ ಔಷಧ, ನಿದ್ದಿ ಬರಸೂವಂಥಾದ್ದು. ಹೊತ್ತಿಗೆ ಎಷ್ಟು ಅನ್ನೂದಷ್ಟ ಬ್ಯಾರೆ. ಎರಡೂ ಬಾಟ್ಲಿ ತುಂಬಿದೆ, ಎರಡೂ ಪಟ್ಟಿ ಕತ್ತರಿಸಿದೆ, ಒಂದನ್ನ ಕೂಸಿನ ಬಾಟ್ಲಿಗೆ ಅಂಟಿಸಿದೆ. ಆಕಿ, "ಹೆಂಗ ಕುಡಸೂದ್ರಿ ಅಣ್ಣಾರ" ಅಂತ ಎರಡನೇ ಸಲ ಕೇಳಿದ್ಲು.

"ಕಣ್ಣು ಕಾಣಸೂದಿಲ್ಲೇನ ನಿನಗ? ಹಲ್ಲು ನೋಡಿ ಕುಡಸು, ನಡಿ" ಅಂತ ಚೀರಿ ಬಾಟ್ಲಿ ಆಕಿ ಕೈಯಾಗ ತುರುಕಿದೆ. ಕೂಸು ಬೆಚ್ಚಿ ಅಳಾಕ ಹತ್ತಿತು. ಆಕಿ ಅದನ್ನ ಸಂತೈಸಕೋತ ಹೋದ್ಲು.

ಸಂಜಿಮುಂದ ಮುದುಕ ಬಂದ. ಅವನ ಬಾಟ್ಲಿಗೆ ಪಟ್ಟಿ ಅಂಟಸಬೇಕಂತ ಮೇಜಿನ ಮ್ಯಾಲೆ ಉಳದ ಪಟ್ಟಿ ತುಗೊಂಡೆ. ಯಾಕೋ ಎಣಿಸಿದೆ. ಹನ್ನೆರಡು ಹಲ್ಲು.

ಕೂಸಿನ ಬಾಟ್ಲಿಗೆ ಮುದುಕನ ಪಟ್ಟಿ ಹೋಗಿತ್ತು. ಆಕಿ ಒಂದು ಹಲ್ಲು ಅಂತ ಕುಡಿಸಿದ್ರ ಕೂಸಿಗೆ ಮೂರು ಪಟ್ಟು ಔಷಧ. ಮಲಗಿದ್ದು ಏಳೂದಿಲ್ಲ. ಡಾಕ್ಟರ್ ಮಧ್ಯಾಹ್ನನ ಹಾವೇರಿಗೆ ಹೋಗಿದ್ರು. ಮುದುಕಗ ಬ್ಯಾರೆ ನಾಲ್ಕು ಹಲ್ಲಿನ ಪಟ್ಟಿ ಅಂಟಿಸಿ ಕೊಟ್ಟು, ಕೂಸಿಗೆ ಇನ್ನೊಂದು ಬಾಟ್ಲಿ ತುಂಬಿ, ಆ ಹನ್ನೆರಡರ ಪಟ್ಟಿ ಅಂಟಿಸಿ, ನಾಲ್ಕು ಸಲ ಎಣಿಸಿ, ಓಡಿ ಹೋಗಿ ಕಾಗಿನೆಲೆ ಬಸ್ಸು ಹತ್ತಿದೆ.

ಬಸ್ಸಿನ್ಯಾಗ ಬಾಜೂಕ ಕುಂತಾಂವ ಬೀಡಿ ಹಚ್ಚಿದ. ನನ್ನ ಕೈ ತಾನಾಗೇ ಅವನ ಕಡೆ ಹೋತು. ಅಲ್ಲಿ ಕೂಸು ಸತ್ತಿರಬಹುದು, ಇಲ್ಲಿ ನನಗ ಬೀಡಿ ಬೇಕಾಗಿತ್ತು. ಕೈ ತೊಡಿ ಕೆಳಗ ಇಟ್ಟು ಅದರ ಮ್ಯಾಲ ಕುಂತೆ. ಆ ನಾಚಿಕಿ ಇವತ್ತಿಗೂ ನನ್ನ ಬಿಟ್ಟಿಲ್ಲ.

ಕೇಳಕೋತ ಕೇಳಕೋತ ಆಕಿ ಓಣಿ ಹೊಕ್ಕೆ. ಒಂದು ಮನಿ ಮುಂದ ರಾಶಿ ಚಪ್ಪಲ್ಲು ಬಿದ್ದಿದ್ದವು. ನನ್ನ ಕಾಲು ಅಲ್ಲೇ ನಿಂತವು. ಹೆಣದ ಮನಿ ಮುಂದ ಅಲ್ಲದ ಅಷ್ಟು ಚಪ್ಪಲ್ಲು ನಾ ಕಂಡಿದ್ದಿಲ್ಲ. ಬಾಗಲಾಗ ಹಣಿಕಿ ಹಾಕಿದೆ. ಓಣಿ ಮಂದಿ ಎಲ್ಲಾ ಟಿವಿ ನೋಡಾಕ ಕುಂತಿದ್ರು. ಒಬ್ಬ ಹುಡುಗಿ ಎದ್ದು ಬಂದು, ಆಕಿ ಮನಿ ಮುಂದಿಂದು ಅಂತ ತೋರಿಸಿದ್ಲು.

ಆಕಿ ಬಾಗಲಾಗ ಕುಂತು ಜ್ವಾಳ ಹಸನ ಮಾಡಾಕತ್ತಿದ್ಲು. ಮಗ್ಗಲಾಗ ಕೂಸು ಬುಟ್ಟಿ ಬಡಕೋತ, ಕೆಮ್ಮಕೋತ ಕುಂತಿತ್ತು. ಆ ಕೆಮ್ಮು ಕೇಳಿ ನನ್ನ ಕಣ್ಣಾಗ ನೀರು ಬಂದವು.

"ಔಷಧ ಕುಡಸೀದೇನ ತಂಗಿ?"

ಆಕಿ ಸೆರಗು ಸರಿ ಮಾಡಿಕೊಂಡು ಎದ್ದು ನಿಂತ್ಲು. "ಸಿಟ್ಟಾಗಬ್ಯಾಡ್ರಿ ಅಣ್ಣಾರ. ಚೆಲ್ಲಿಬಿಟ್ಟೇನ್ರಿ."

"ಯಾಕ?"

"ಬೈದು ಕೊಟ್ಟ ಔಷಧ ಕೂಸಿಗೆ ಹತ್ತೂದಿಲ್ಲ ಅಂತಾರ್ರಿ ನಮ್ಮ ಅತ್ತಿ. ಮೊದಲ ನಿಮ್ಮ ಕೈಗುಣ ಭಾಳ ಛಲೋ ಇತ್ರಿ. ಈಗ ನಮ್ಮ ಓಣ್ಯಾಗ ನಿಮ್ಮ ಔಷಧ ಯಾರೂ ಕುಡಿಯೂದಿಲ್ರಿ. ಡಾಕ್ಟರಿಗೆ ಬ್ಯಾಸರಾಗಬಾರದಂತ ತರತಾರ, ತಂದು ಗಟಾರಕ್ಕ ಸುರೀತಾರ."

ಕೂಸು ಉಳೀತಲ್ಲ ಅಂತ ಕುಣೀಬೇಕಿತ್ತು. ನಾನು ಕಟ್ಟಿ ಮ್ಯಾಲ ಕುಂತಬಿಟ್ಟೆ. ಎಷ್ಟು ತಿಂಗಳಿಂದ ಎಷ್ಟು ಮಂದಿ ಔಷಧ ಇಲ್ಲದನ ಕೆಮ್ಮಾಕತ್ತಾರ, ಯಾರಿಗೆ ಗೊತ್ತು. ಇದ್ದದ್ದು ಇದ್ದಂಗ ಹೇಳಿದೆ: ಪಟ್ಟಿ ತಪ್ಪಾಗಿತ್ತು, ಕುಡಿಸಿದ್ರ ನಿನ್ನ ಕೂಸು ಉಳೀತಿದ್ದಿಲ್ಲ. ಆಕಿ ಗಪ್ಪನ ಕೂಸಿನ್ನ ಎತಗೊಂಡು ಹೊಸ್ತಿಲದೊಳಗ ಸರದ್ಲು.

"ಇದು ಸರಿ ಐತಿ, ತಂಗಿ. ನಾಲ್ಕು ಸಲ ಎಣಿಸೇನಿ" ಅಂತ ಹೊಸ ಬಾಟ್ಲಿ ಚಾಚಿದೆ.

ಆಕಿ ಕೈ ಒಡ್ಡಲಿಲ್ಲ. "ಅಲ್ಲೇ ಇಡ್ರಿ ಅಣ್ಣಾರ" ಅಂದ್ಲು. ಅಷ್ಟರಾಗೂ ಮರ್ಯಾದಿ ಬಿಡಲಿಲ್ಲ, ಛಾ ಕುಡದು ಹೋಗ್ರಿ ಅಂದ್ಲು.

ಬಾಟ್ಲಿ ಕಟ್ಟಿ ಮ್ಯಾಲ ಇಟ್ಟು ಎದ್ದೆ. ಓಣಿ ದಾಟೂದ್ರಾಗ ಹಿಂದ ಗಟಾರಕ್ಕ ಸುರುವಿದ ಸಪ್ಪಳ ಕೇಳಿಸಿತು. ಈ ಸಲ ಔಷಧ ಸರಿ ಇತ್ತು. ಕೂಸು ಇನ್ನೂ ಕೆಮ್ಮಾಕತ್ತಿತ್ತು.