ಕೆಳಮನೆಯ ಮರ್ಡೋ ಅಜ್ಜನ ಕಿಲ್ಟ್

ಡಂಡೀ ಊರಿನಲ್ಲಿ ನಮ್ಮ ಕೆಳಮನೆಯ ಮರ್ಡೋ ಅಜ್ಜ ಮಗಳ ಮದುವೆಗೆಂದು ಆನ್‌ಲೈನ್ ಹರಾಜಿನಲ್ಲಿ ಹಳೆಯ ಕಿಲ್ಟ್ ಹುಡುಕುತ್ತಾರೆ; ಇಲ್ಲಿನ ಗಂಡಸರು ಮದುವೆಗೆ ಉಡುವ ನೆರಿಗೆಯ ಲಂಗ ಅದು, ಕುಲಕ್ಕೊಂದು ಚೌಕಳಿ. ಹರಾಜಿನಲ್ಲಿ ಮುಂದಿದ್ದರೂ ಕೂಗುತ್ತಾರೆ, ಸೋತರೂ ಕೂಗುತ್ತಾರೆ, ನನ್ನ ಕೂಸು ಬೆಚ್ಚಿ ಜ್ವರ ಬಂದೀತೆಂದು ನನಗೆ ಪುಕಪುಕ. ಮಾರುವವರು ಪ್ಯಾಂಟಿನ ಅಳತೆ ಬರೆದರೆ ಸಿಟ್ಟು: "ಕಿಲ್ಟ್ ಕಟ್ಟೋದು ಹೊಕ್ಕುಳ ಮೇಲೆ ಕಣೇ ಮರಿ, ಇವರಿಗೆ ಹೊಕ್ಕುಳೇ ಇಲ್ವಾ?" ಟೇಪು ಹಿಡಿಯುವವಳು ನಾನೇ. "ಉಸಿರು ಬಿಡಿ ಅಜ್ಜ, ಮದುವೇಲಿ ಊಟ ಮಾಡ್ಬೇಕಲ್ವಾ?" ಎಂದರೆ ಕೆಂಪಾಗುತ್ತಾರೆ. "ಬಾಡಿಗೇದು ಹಾಕ್ಕೊಳಪ್ಪಾ" ಎಂದು ಮಗಳು ಮೈರಿ ಗೋಗರೆದರೆ, "ಯಾರದೋ ಕುಲದ ಚೌಕಳಿ ಸುತ್ಕೊಂಡು ನಿನ್ನ ಕೈ ಹಿಡಿದು ನಡೀಲಾ?" ಎಂದು ಗದರುತ್ತಾರೆ. ನಿನ್ನೆ ಅವರ ಕುಲದ್ದೇ, ಅವರ ಅಳತೆಯದೇ ಕಿಲ್ಟ್ ಹರಾಜಿನಲ್ಲಿ ಅವರ ಪಾಲಾಯಿತು. ಮಾರಿದವಳು, "ತೀರಿಹೋದ ನನ್ನಪ್ಪನದು, ನನ್ನ ಮಗ ಇನ್ನೂ ಚಿಕ್ಕವನು, ಹಾಕಿಕೊಳ್ಳುವವರಿಲ್ಲ" ಎಂದು ಬರೆದಳು. ಅಜ್ಜ ಒಂದೊಂದೇ ಅಕ್ಷರ ಒತ್ತಿ ಉತ್ತರಿಸಿದರು: "ಕಳಿಸ್ಬೇಡ ಮಗಳೇ. ಹುಡುಗ ಬೆಳೀತಾನೆ, ಅವನಿಗೇ ಇಟ್ಕೋ." ಆಮೇಲೆ ಮದುವೆಗೆ ಪ್ಯಾಂಟು ಇಸ್ತ್ರಿ ಮಾಡಲು ಎದ್ದರು.